ಕವಚದಲ್ಲಿ ಎಷ್ಟು ಉಳಿದಿದೆ

ಜೂನ್ 8, ಭಾನುವಾರ

ಮಧ್ಯಾಹ್ನ ಅಂಗಡಿಯ ಷಟರ್ ಅರ್ಧ ಎಳೆದು, ಕೌಂಟರ್ ಮೇಲೆ ಆಟದ ಮ್ಯಾಪ್ ಹಾಸಿದ್ದಾಯಿತು. ಎಂದಿನ ಮೂವರೇ. ಒಬ್ಬರು ಕಥೆ ಹೇಳುತ್ತಾ ಹೋಗುವುದು, ಉಳಿದವರು ಅದರೊಳಗಿನ ಪಾತ್ರಗಳಾಗಿ ಆಡುವುದು. ಕಥೆ ನಡೆಸುವವಳು ನಾನು. ಶಶಿಕಿರಣ್ ಯೋಧ, ಪ್ರೇಮಲತಾ ಮಂತ್ರವಾದಿ. ಏಟು ಎಷ್ಟು ಎಂದು ದಾಳ ಹೇಳುತ್ತದೆ.

ಆಟದ ಪುಸ್ತಕದಲ್ಲಿ ಕವಚದ ರೂಲ್ ಸರಿಯಿಲ್ಲ. ಕವಚ ತೊಟ್ಟರೆ ಏಟು ತಗಲುವುದೇ ಕಡಿಮೆಯಂತೆ. ಬರೆದವರು ಬೈಕಿಂದ ಬಿದ್ದವರಲ್ಲ. ಹನ್ನೊಂದು ವರ್ಷದಿಂದ ಹೆಲ್ಮೆಟ್ ಮಾರುತ್ತಿದ್ದೇನೆ — ಏಟು ತಗಲಿಯೇ ತಗಲುತ್ತದೆ, ಕವಚ ಅದನ್ನು ನುಂಗುತ್ತದೆ, ನುಂಗಿದಷ್ಟೂ ತಾನು ಸಾಯುತ್ತದೆ. ಹಾಗಾಗಿ ನನ್ನದೇ ರೂಲ್. ಪ್ರತಿ ಕವಚಕ್ಕೂ ಹತ್ತು ಅಂಕ, ಏಟಿಗೆ ತಕ್ಕಂತೆ ಕಳೆಯುವುದು. ಎಷ್ಟು ಉಳಿದಿದೆ ಎಂಬುದು ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ.

"ನಮ್ ಕವಚದ್ದು ನಮಗೇ ಗೊತ್ತಿಲ್ದೆ ಆಡೋದು ಹೆಂಗೆ ಮಾರಾಯ್ತಿ?" ಎಂದಳು ಪ್ರೇಮಲತಾ. ಎಮರ್ಜೆನ್ಸಿ ವಾರ್ಡಿನ ನರ್ಸ್, ಸುಲಭಕ್ಕೆ ಬಿಡುವವಳಲ್ಲ.

"ಹೊರಗಿಂದ ನೋಡಿದ್ರೆ ಕಾಣಲ್ಲ ಕಣೆ. ಹೆಲ್ಮೆಟ್ಟೂ ಹಂಗೇ."

ಒಪ್ಪಿದಳು. ನನ್ನ ರೂಲ್ ಚೆನ್ನಾಗಿದೆ. ನಾನೇ ಹೇಳಿಕೊಳ್ಳಬೇಕು, ಇನ್ಯಾರು ಹೇಳುತ್ತಾರೆ.

ಜೂನ್ 11

ಹೊಸ ಸ್ಟಾಕ್ ಬಂತು. ಏಣಿ ಹತ್ತಿ ಜೋಡಿಸುವಾಗ ಕಪ್ಪು ಹೆಲ್ಮೆಟ್ ಒಂದು ಕೈಜಾರಿ, ಮೆಟ್ಟಿಲ ಕಲ್ಲಿಗೆ ಬಡಿದು ರಸ್ತೆಗೆ ಉರುಳಿತು. ಗಿರಾಕಿಯದಾಗಿದ್ದರೆ "ಬಿದ್ದದ್ದನ್ನ ಮತ್ತೆ ಹಾಕ್ಬೇಡಿ, ಒಳಗೆ ಬಿರುಕು ಬಿಟ್ಟಿರ್ತದೆ" ಅನ್ನುತ್ತಿದ್ದೆ. ಗೀರೂ ಇಲ್ಲ. ಒರೆಸಿ ಡಬ್ಬಿಗೆ ಹಾಕಿದೆ.

ಜೂನ್ 15, ಭಾನುವಾರ

ಶಶಿಗೆ ಕಳಸದ ಪಶು ಆಸ್ಪತ್ರೆಗೆ ವರ್ಗ. ಸೋಮವಾರ ಬೈಕಿನಲ್ಲಿ ಹೋಗುವುದು, ಶನಿವಾರ ವಾಪಸ್. ಆಟ ಮಾತ್ರ ಬಿಡುವುದಿಲ್ಲವಂತೆ. ಖುಷಿಯಾಯಿತು.

ಹೊಸ ಹೆಲ್ಮೆಟ್ ಬೇಕೆಂದ. "ನೀನೇ ಆರಿಸ್ಕೊಡು." ಅವನ ಸೈಜಿನದು ಆ ಕಪ್ಪು ಒಂದೇ. ಕೊಟ್ಟೆ. ಗೀರೂ ಇರಲಿಲ್ಲವಲ್ಲ...

ಜೂನ್ 29, ಭಾನುವಾರ

ಹೋದ ಭಾನುವಾರ ಪ್ರೇಮಲತಾಗೆ ಡ್ಯೂಟಿ, ಹಾಗಾಗಿ ಎರಡು ವಾರದ ಮೇಲೆ ಆಟ. ಸೇತುವೆ ಮೇಲೆ ರಾಕ್ಷಸ. ಶಶಿಯ ಕವಚದಲ್ಲಿ ಉಳಿದದ್ದು ಒಂದೇ ಅಂಕ. ಅವನು ಮುಂದೆ ನುಗ್ಗುತ್ತೇನೆಂದ.

"ಬೇಡ್ವೋ, ಕವಚ ಎಷ್ಟು ಉಳಿದಿದ್ಯೋ ಏನೋ" ಎಂದಳು ಪ್ರೇಮಲತಾ.

"ಭುವನಾ ಮುಖ ನೋಡು. ಆರಾಮಾಗಿದಾಳೆ. ಏನೂ ಆಗಲ್ಲ."

ದಾಳ ಹಾಕಿದೆ. ಎಂಟು. ಯೋಧ ಸತ್ತ.

ಶಶಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಮುಖದಲ್ಲಿ ಒಂಚೂರೂ ತೋರಿಸ್ಲಿಲ್ಲ ನೋಡು ಮಾರಾಯ್ತಿ. ಭಾರಿ ಗಟ್ಟಿಗಿತ್ತಿ ನೀನು."

ನನಗೆ ನಗು ಬರಲಿಲ್ಲ. ಹದಿನೈದನೇ ತಾರೀಕು ಹೆಲ್ಮೆಟ್ ಕೊಡುವಾಗಲೂ ಇದೇ ಮುಖ ಇಟ್ಟುಕೊಂಡಿದ್ದೆ. ಆಟ ನಡೆಸುವವಳು ಹೇಳಬಾರದು. ಅಂಗಡಿಯವಳು ಹೇಳಬೇಕು. ಬಾಯಿ ತೆರೆಯುವಷ್ಟರಲ್ಲಿ ಅದೇ ಹೆಲ್ಮೆಟ್ ಹಾಕಿಕೊಂಡು ಹೊರಟುಹೋದ. ಭಯವಾಗುತ್ತಿದೆ. ನಾಚಿಕೆಯೂ.

ಜೂನ್ 30, ಬೆಳಿಗ್ಗೆ 6.40

ಫೋನ್ ಎತ್ತುತ್ತಿಲ್ಲ. ಆಗಲೇ ಹೊರಟಿರಬೇಕು. ಮೊನ್ನೆ ಬಂದ ಸ್ಟಾಕಿನಿಂದ ಅವನ ಸೈಜಿನದು ತೆಗೆದೆ. ಈ ಸಲ ಎರಡೂ ಕೈಯಲ್ಲಿ. ಅಂಗಡಿ ಇವತ್ತು ತೆರೆಯುವುದಿಲ್ಲ. ಸ್ಕೂಟರಿನಲ್ಲಿ ಕಳಸಕ್ಕೆ — ಆ ತಿರುವುಗಳು ನನಗೇನೂ ಹೊಸವಲ್ಲ.

ಅದೇ ದಿನ, 10.15, ಕಳಸ

ಆಸ್ಪತ್ರೆ ಕಾಂಪೌಂಡ್. ಬೈಕ್ ಇದೆ, ಕನ್ನಡಿಗೆ ಹೆಲ್ಮೆಟ್ ನೇತುಹಾಕಿದ್ದಾನೆ. ಹೋದ ಜೀವ ಬಂತು.

ಬೆಂಚಿನ ಮೇಲೆ ಕೂತು ಒಳಗಿನ ಸ್ಪಂಜ್ ಎಳೆದು ನೋಡಿದೆ. ಅದರ ಹಿಂದೆ ಏಟು ನುಂಗುವ ಥರ್ಮಾಕೋಲಿನಲ್ಲಿ ಕಿವಿಯ ಹತ್ತಿರದಿಂದ ನೆತ್ತಿಯವರೆಗೆ ಬಿರುಕು.

ಕಂಪನಿಯವರು ಈ ಹೆಲ್ಮೆಟ್ ವಾಪಸ್ ಕೇಳಿದ್ದಾರೆ ಎಂದುಬಿಡೋಣ ಎನ್ನುವ ಸುಳ್ಳು ದಾರಿಯಲ್ಲಿ ಕೊಟ್ಟಿಗೆಹಾರದ ತನಕ ಜೊತೆಗಿತ್ತು. ಅಲ್ಲಿ ಟೀ ಕುಡಿದು, ಅದನ್ನು ಅಲ್ಲೇ ಬಿಟ್ಟು ಬಂದೆ. ನಿಜ ಹೇಳಿದರೆ ಇನ್ನು ಆಟಕ್ಕೆ ಬರುತ್ತಾನೋ ಇಲ್ಲವೋ. ಬರದಿದ್ದರೆ ಬೇಡ ಎಂದು ಬರೆಯಲು ಹೊರಟೆ, ಆಗಲಿಲ್ಲ. ಬರಬೇಕು. ಆದರೂ ಹೇಳುತ್ತೇನೆ.

ಹಸುವಿಗೆ ಇಂಜೆಕ್ಷನ್ ಕೊಟ್ಟು ಕೈ ತೊಳೆಯುತ್ತಿದ್ದಾನೆ. ನನ್ನನ್ನು ನೋಡಿದ.

"ನೀನೆಂತ ಇಲ್ಲಿ ಮಾರಾಯ್ತಿ?"

ನಗುತ್ತಾ ಬರುತ್ತಿದ್ದಾನೆ. ಬಿರುಕಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೇನೆ. ಮಾತು ರೆಡಿ ಇದೆ — ಶಶಿ, ಇದು ಬಿದ್ದದ್ದು ನನಗೆ ಗೊತ್ತಿತ್ತು, ಗೊತ್ತಿದ್ದೇ ನಿನಗೆ ಕೊ—