ಹಾಲಮ್ಮನ ಕೈಯಿಂದ ಕಿತ್ಕೊಂಡ ಆರತಿ ತಟ್ಟೆ

ತಂಗಿ ಹಾಲಮ್ಮ,

ನೀನು ಹೋಗಿ ಮೂರು ವರ್ಷ ಆಯ್ತು. ಈ ಕಾಗದ ಓದಾಕೆ ನೀನಿಲ್ಲ ಅಂತ ಗೊತ್ತಿದ್ದೇ ಬರೀತಿದೀನಿ.

ಇವತ್ತು ಸಾಸ್ವೆಹಳ್ಳಿಯಲ್ಲಿ ಮೊಮ್ಮಗಳು ಪವಿತ್ರನ ಸೀಮಂತ ಇತ್ತು. ಪಕ್ಕದ್ಮನೆ ಅರುಣಾ ಮಗಳನ್ನ ಎತ್ಕೊಂಡು ಬಾಗಿಲ ಹೊರಗೇ ನಿಂತಿದ್ಲು. ಮಗೂಗೆ ಐದು ವರ್ಷ. ಮಾತಿಲ್ಲ, ಕತ್ತು ನಿಲ್ಲಲ್ಲ.

"ಒಳಗೆ ಬಾರೇ, ಆರತಿ ಎತ್ತು," ಅಂದೆ.

"ಬ್ಯಾಡ್ರೀ ಅಜ್ಜಿ. ಇಂಥ ಮಗು ಹೆತ್ತೋಳು ಬಸುರಿಗೆ ಆರತಿ ಎತ್ತಬಾರ್ದಂತೆ."

"ಯಾವ ಕತ್ತೆ ಹೇಳಿದ್ದು?" ಅಂತ ರೇಗಿದೆ.

ಯಾವ ಕತ್ತೆ ಅಂತ ನಂಗೇ ಗೊತ್ತಿತ್ತು. ನನ್ನ ಸೊಸೆ ಸೀಮಂತದ ದಿನ ಇದೇ ಮಾತಾಡಿ ನಿನ್ನ ಕೈಯಿಂದ ತಟ್ಟೆ ಕಿತ್ಕೊಂಡೋಳು ನಾನೇ ಅಲ್ವಾ.

ಅರುಣಾನ ಕೈಹಿಡಿದು ಎಳ್ಕೊಂಡು ಬಂದು ಮೊದಲ ಆರತಿ ಎತ್ತಿಸಿದೆ. ಆಮೇಲೆ ಮಗೂನ ಇಸ್ಕೊಂಡು ಅವಳನ್ನ ಊಟಕ್ಕೆ ಕೂರಿಸಿದೆ. "ಬಿಸಿ ಹೋಳಿಗೆ ತಿಂದು ಎಷ್ಟು ದಿನ ಆಗಿತ್ತು ಅಜ್ಜಿ," ಅಂತ ಎಲೆ ಮುಂದೆ ಅತ್ತುಬಿಟ್ಲು. ನಿಧಾನವಾಗಿ ಉಣ್ಣು ಅಂತ ಅದಕ್ಕೂ ಬೈದೆ.

ಅವಳು ಉಂಡು ಏಳೋದ್ರೊಳಗೆ ನನ್ನ ತೋಳು ಸೋತುಹೋಯ್ತು ಕಣೇ. ಇಂಥದೇ ನಿನ್ನ ಮಗ ಮಾಲತೇಶನ್ನ ನೀನು ಹದಿನೇಳು ವರ್ಷ ಹೊತ್ತೆ. "ಇಲ್ಲಿ ಕೊಡೇ, ನೀನು ಉಣ್ಣು," ಅಂತ ನಾನು ಒಂದಿನಾನೂ ಅನ್ಲಿಲ್ಲ.

ನಿನ್ನ ಅಕ್ಕ