ಇಳಿದು ಬಂದ ಗೆರೆ

ಬೆಳಕೆ, ಮಂಗಳವಾರ

ಪ್ರೀತಿಯ ಮಾಬ್ಲೇಶ್ವರಣ್ಣ,

ಕಡಲಲ್ಲಿ ನಿನಗೆ ಫೋನು ಸಿಗದ ಕಾರಣ ಇದನ್ನು ನಾಗರಾಜನ ಬೋಟಿನಲ್ಲಿ ಕಳಿಸುತ್ತಿದ್ದೇನೆ. ಅಮ್ಮ ಉಳಿದಳು ಅಣ್ಣ!

ಭಾನುವಾರ ಮೀನು ಮಾರುತ್ತಿದ್ದಾಗ ಅವಳಿಗೆ ಎದೆ ಹಿಡಿದು ಬೆವರು ಕಿತ್ತುಬಂತು. "ಗ್ಯಾಸು ಮಾರಾಯ್ತಿ, ಎಂತದೂ ಇಲ್ಲ" ಎಂದವಳನ್ನು ರಿಕ್ಷಾ ಹತ್ತಿಸಿ ಭಟ್ಕಳದ ಆಸ್ಪತ್ರೆಗೆ ಒಯ್ದೆ. ಇಸಿಜಿ ಕಾಗದದಲ್ಲಿ ಗೆರೆ ಒಂದು ಕಡೆ ಮೇಲೆದ್ದಿತ್ತು. "ಹೃದಯಾಘಾತ. ಸಮಯಕ್ಕೆ ತಂದಿರಿ" ಎಂದು ಡಾಕ್ಟರು ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು. ಒಂದೂವರೆ ಗಂಟೆ ಬಿಟ್ಟು ಮತ್ತೆ ತೆಗೆದಾಗ ಗೆರೆ ಇಳಿದಿತ್ತು! ಕಟ್ಟಿದ್ದ ರಕ್ತನಾಳ ತೆರೆದಿದೆ ಎಂದರು ಡಾಕ್ಟರು. ನಾನು ಅಲ್ಲೇ ಕುಣಿದುಬಿಟ್ಟೆ. ಅಮ್ಮ ಕಣ್ಣು ತೆರೆದು, "ನನ್ನ ಬಂಗಡೆ ಬುಟ್ಟಿ ಎಂತ ಆತು?" ಎಂದಳು.

ಹೋದ ತಿಂಗಳು ನಿನಗೂ ಎಡಗೈ ನೋಯುತ್ತಿತ್ತಲ್ಲ, ಬಲೆ ಎಳೆದದ್ದಕ್ಕೆ ಎಂದು ನೀನು ತಳ್ಳಿಹಾಕಿದೆ. ನಿನ್ನ ಬೋಟು ದಡಕ್ಕೆ ಬರುವಾಗ ದಕ್ಕೆಯಲ್ಲಿ ಕಾಯುತ್ತಿರುತ್ತೇನೆ. ಮೀನು ಇಳಿಸುವುದನ್ನು ಬೇರೆಯವರಿಗೆ ಬಿಟ್ಟು, ನೇರ ನನ್ನ ಜೊತೆ ಆಸ್ಪತ್ರೆಗೆ ಬಾ.

ನಿನ್ನ ತಂಗಿ,
ಪ್ರಣಿತಾ