ಬಟ್ಟಲಲ್ಲಿಟ್ಟ ಚಿಪ್ಪು

ಭಾನುವಾರ, ಮಧ್ಯಾಹ್ನದ ಮೇಲೆ

ಪ್ರೀತಿಯ ಮಗಳೇ,

ಹಾಗಲ್ಲ ಅದು. ನಿನ್ನೆ ಫೋನಿನಲ್ಲಿ ಎಲ್ಲಾ ಆಲ್ ರೈಟ್, ನೀನು ಬರುವುದು ಬೇಡ ಅಂದೆನಲ್ಲ, ಅದು ಅರ್ಧ ಮಾತು. ಉಳಿದರ್ಧ ಹೇಳೋಣವೆಂದರೆ ಬಾಯೇ ಬರಲಿಲ್ಲ. ಕಾಗದವನ್ನು ಮಂಡಿಯ ಮೇಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಪಾಪ, ಉಳಿದ ಒಂದು ಕಣ್ಣಿನ ಮೇಲೆ ತಪ್ಪು ಹೊರಿಸಬೇಡ.

ಎಡಗಣ್ಣು ತೆಗೆದ ಮೇಲೆ ಡಾಕ್ಟರು ರೆಪ್ಪೆಯೊಳಗೆ ಪ್ಲಾಸ್ಟಿಕ್ಕಿನ ಒಂದು ಚಿಪ್ಪು ಇಟ್ಟಿದ್ದರು, ನೆನಪಿದೆಯಾ? ಕೃತಕ ಕಣ್ಣು ತಯಾರಾಗುವವರೆಗೆ ಟೆಂಪರರಿ ಅರೇಂಜ್‌ಮೆಂಟ್. ಹೋದ ವಾರ ಮುಖ ತೊಳೆಯುವಾಗ ಅದು ಜಾರಿ ಬೇಸಿನ್ನಿಗೆ ಬಿತ್ತು. ಒಳ್ಳೆಯದೇ ಆಯಿತು, ಗಾಯಕ್ಕೂ ಸ್ವಲ್ಪ ರೆಸ್ಟ್ ಅಂದುಕೊಂಡು, ತೊಳೆದು ಬಟ್ಟಲಿನ ನೀರಿಗೆ ಹಾಕಿಟ್ಟೆ. ನಿನ್ನ ಅಮ್ಮ ಮಲಗುವ ಮುಂಚೆ ಹಲ್ಲಿನ ಸೆಟ್ ತೆಗೆದಿಡುತ್ತಿರಲಿಲ್ಲವೇ, ಹಾಗೆ. ಅಷ್ಟು ವರ್ಷ ಕಂಡ ಪದ್ಧತಿ, ತಪ್ಪೆನಿಸಲಿಲ್ಲ.

ಮೊನ್ನೆ ಅಳತೆಗೆ ಹೋದೆ. ಕಣ್ಣು ಮಾಡುವವಳು ನಿನಗಿಂತ ಚಿಕ್ಕವಳು. ಕಿಟಕಿಯ ಬಳಿ ಕೂರಿಸಿ, ನನ್ನ ಬಲಗಣ್ಣು ಆರಿದ ಟೀ ಬಣ್ಣದ್ದು ಎಂದು ತಮಾಷೆ ಮಾಡುತ್ತ ಬಣ್ಣ ಕಲಸುತ್ತಿದ್ದಳು. ನಾನು ಜೇಬಿನಿಂದ ಚಿಪ್ಪು ತೆಗೆದುಕೊಟ್ಟೆ. ಅವಳ ನಗು ಅಲ್ಲೇ ನಿಂತಿತು. ಒಳಗೆ ಕೂರಿಸಲು ನೋಡಿದಳು. ಹೋಗಲಿಲ್ಲ. ತಿರುಗಿಸಿ ನೋಡಿದಳು. ಹೋಗಲಿಲ್ಲ.

"ಇದೇನು ಹಲ್ಲಿನ ಸೆಟ್ಟಾ ಅಂಕಲ್, ತೆಗೆದಿಡೋಕೆ? ಖಾಲಿ ಬಿಟ್ರೆ ಒಳಗಿನ ಜಾಗ ಮುಚ್ಕೊಂಡ್ಬಿಡತ್ತೆ."

ಅಮ್ಮನ ವಿಷಯ ನಾನು ಅವಳಿಗೆ ಹೇಳಿಯೇ ಇರಲಿಲ್ಲ! ನನ್ನದೇ ಮೈ, ನನ್ನನ್ನೊಂದು ಮಾತು ಕೇಳದೆ ಬಾಗಿಲು ಹಾಕಿಕೊಳ್ಳುತ್ತಿತ್ತು. ಇನ್ನೂ ತಡವಾಗಿದ್ದರೆ ಮತ್ತೆ ಆಪರೇಷನ್ ಮಾಡದೆ ಕಣ್ಣು ಕೂರುತ್ತಿರಲಿಲ್ಲವಂತೆ. ಈಗ ಪುಟ್ಟ ಚಿಪ್ಪೊಂದನ್ನು ಹಾಕಿದ್ದಾಳೆ. ಜಾಗ ಹಿಗ್ಗಿದ ಹಾಗೆ ದೊಡ್ಡದು ಹಾಕುತ್ತ ಹೋಗಬೇಕು. ಜಾರಿದರೆ ಇಮ್ಮೀಡಿಯೆಟ್ಲಿ ಮತ್ತೆ ಕೂರಿಸಬೇಕು, ಅದನ್ನು ಕಲಿಯಲು ಮನೆಯವರೊಬ್ಬರನ್ನು ಕರೆತನ್ನಿ ಅಂದಳು. ಯಾರೂ ಇಲ್ಲ ಅನ್ನಲು ನಾಚಿಕೆಯಾಗಿ, ಮಗಳು ಬರುತ್ತಾಳೆ ಅಂದುಬಿಟ್ಟೆ. ಐ ಬೆಗ್ ಟು ಸ್ಟೇಟ್ ದಟ್... ಕಾಲೇಜಿನಲ್ಲಿ ರಜಾ ಅರ್ಜಿಗೆ ಬರೆಯುತ್ತಿದ್ದೆವು, ಮುಂದಿನದು ಮರೆತಿದೆ. ಬಾ, ಅಷ್ಟೇ.

ಬೆಳಕು ಹೋಗುತ್ತಿದೆ, ಸಾಲಿನ ಮೇಲೆ ಸಾಲು ಬರೆಯುತ್ತಿದ್ದೇನೆ. ನಿಲ್ಲಿಸುತ್ತೇನೆ.

ನಿನ್ನ ಅಪ್ಪ

ಬಿಟ್ಟುಹೋದ ಮಾತು: ಅಮ್ಮ ಹೋದಾಗಲೇ ಅವಳ ಹಲ್ಲಿನ ಸೆಟ್ ಎಸೆದೆ ಅಂದಿದ್ದೆನಲ್ಲ. ಎಸೆದಿಲ್ಲ. ಆ ಬಟ್ಟಲಲ್ಲೇ ಇದೆ. ಚಿಪ್ಪನ್ನು ಅದರ ಪಕ್ಕದಲ್ಲೇ ಇಟ್ಟಿದ್ದೆ. ನೀರು ದಿನಾ ಬದಲಾಯಿಸುತ್ತೇನೆ.